ವಿಮಾನ ಹೋದ ಮೇಲೆ ಸ್ಕ್ವಾಡ್ರನ್ ಏನಾಗುತ್ತೆ? ನಮ್ಮ ವಾಯುಪಡೆ ಘಟಕಗಳ ಬಗ್ಗೆ ಒಂದು ಚರ್ಚೆ

ಗಾಳಿಪಟ_ತುಮಕೂರು

ಮಿಗ್-21 ನಿವೃತ್ತಿ ಆದಾಗಿನಿಂದ ಒಂದು ಪ್ರಶ್ನೆ ತಲೆ ಕೊರೀತಾ ಇದೆ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಬೀಳ್ಕೊಡುಗೆ ಆಯ್ತಲ್ಲ, ಆಗ ಎಲ್ಲಾ ಪೇಪರ್‌ಗಳಲ್ಲೂ ಬಂದದ್ದು ಒಂದೇ ಸುದ್ದಿ: ಇರಬೇಕಾದ ಫೈಟರ್ ಸ್ಕ್ವಾಡ್ರನ್ 42, ಈಗ ಉಳಿದಿರೋದು 29. ಸರಿ, ವಿಮಾನ ಹೋಯ್ತು. ಆ ಸ್ಕ್ವಾಡ್ರನ್ ಅನ್ನೋದು ಎಲ್ಲಿಗೆ ಹೋಗುತ್ತೆ? ಮುಚ್ಚಿಬಿಡ್ತಾರಾ?

ಇನ್ನೊಂದು ಗೊಂದಲ. 1999ರಲ್ಲಿ ಕಛ್ ಹತ್ತಿರ ಪಾಕಿಸ್ತಾನದ ನೌಕಾಪಡೆಯ ಅಟ್ಲಾಂಟಿಕ್ ವಿಮಾನ ಹೊಡೆದುರುಳಿಸಿದ್ದು 45ನೇ ಸ್ಕ್ವಾಡ್ರನ್ ಅಂತ ಓದಿದೆ. ನಮ್ಮ ಬೆಂಗಳೂರಿನ ತೇಜಸ್ ಹಾರಿಸಿದ ಮೊದಲ ಸ್ಕ್ವಾಡ್ರನ್ ಕೂಡ 45. ಎರಡೂ ಒಂದೇನಾ, ಅಥವಾ ಬರೀ ನಂಬರ್ ಒಂದೇನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ಫಿಟ್ಟರ್

ಗಾಳಿಪಟದವರೇ, ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಈಗ ಹಾಸನದ ಕಡೆ ತೋಟ ನೋಡ್ಕೊಂಡಿದ್ದೀನಿ. ತಿಳಿದಷ್ಟು ಹೇಳ್ತೀನಿ.

ಒಂದು ಫೈಟರ್ ಸ್ಕ್ವಾಡ್ರನ್ ಅಂದ್ರೆ ಸುಮಾರು 16ರಿಂದ 18 ವಿಮಾನ, ಜೊತೆಗೆ ಎರಡು ಸೀಟಿನ ಟ್ರೇನರ್ ಒಂದೆರಡು. ಮೇಲೆ ಒಬ್ಬ ಸಿಒ, ಅಂದ್ರೆ ಕಮಾಂಡಿಂಗ್ ಆಫೀಸರ್, ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್. ಪೇಪರ್‌ನಲ್ಲಿ ಬರೋದು ಪೈಲಟ್‌ಗಳ ಫೋಟೊ. ಆದರೆ ಪೈಲಟ್‌ಗಳಿಗಿಂತ ಎಷ್ಟೋ ಪಟ್ಟು ಜನ ನೆಲದ ಮೇಲಿರ್ತಾರೆ. ಎಂಜಿನ್‌ನವರು, ಏರ್‌ಫ್ರೇಮ್‌ನವರು, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್, ರೇಡಾರ್, ಬಾಂಬ್ ಕಟ್ಟೋ ಆರ್ಮರರ್, ಪ್ಯಾರಾಚೂಟ್ ಮಡಚೋರು. ಇವರೆಲ್ಲ ಸಹಿ ಹಾಕಿದ ಮೇಲೆ ಪೈಲಟ್ ಬಂದು ಫಾರ್ಮ್ 700ಕ್ಕೆ ಸಹಿ ಹಾಕ್ತಾನೆ. ಆ ಒಂದು ಪುಸ್ತಕದಲ್ಲಿ ಆ ವಿಮಾನದ ಜಾತಕ ಇರುತ್ತೆ. ಎಲ್ಲಿ ಲೀಕ್ ಇತ್ತು, ಯಾರು ಸರಿ ಮಾಡಿದ್ರು, ಯಾವ ಭಾಗ ಬದಲಾಯ್ತು, ಎಲ್ಲ.

ವಿಮಾನದ ಆಯಸ್ಸು ಮುಗಿದು ಹೊಸದು ಬರದೇ ಇದ್ದಾಗ ಸ್ಕ್ವಾಡ್ರನ್ 'ನಂಬರ್‌ಪ್ಲೇಟ್' ಆಯ್ತು ಅಂತೀವಿ. ಮುಚ್ಚಿದ್ರು ಅನ್ನೋದಿಲ್ಲ. ಜನಕ್ಕೆ ಬೇರೆ ಬೇರೆ ಕಡೆ ಪೋಸ್ಟಿಂಗ್ ಆಗುತ್ತೆ. ಟ್ರೋಫಿ, ಫೋಟೊ, ಸ್ಕ್ವಾಡ್ರನ್ ಡೈರಿ, ರಾಷ್ಟ್ರಪತಿಗಳು ಕೊಟ್ಟ ನಿಶಾನೆ ಇದ್ದರೆ ಅದು, ಎಲ್ಲವನ್ನೂ ಜೋಪಾನ ಮಾಡಿ ಇಡ್ತಾರೆ. ನಂಬರ್ ಕಾಯ್ತಾ ಕೂತಿರುತ್ತೆ. ಹೊಸ ವಿಮಾನ ಬಂದಾಗ ಅದೇ ನಂಬರಿಗೆ ಜೀವ ಬರುತ್ತೆ.

ನಿಮ್ಮ 45 ಹೀಗೇ ಆದದ್ದು. ಹುಟ್ಟಿದ್ದು 1959ರಲ್ಲಿ, ವ್ಯಾಂಪೈರ್ ವಿಮಾನದ ಜೊತೆ. 1965ರ ಸೆಪ್ಟೆಂಬರ್ 1ರ ಸಂಜೆ ಛಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ನುಗ್ಗಿದಾಗ ಪಠಾಣ್‌ಕೋಟ್‌ನಿಂದ ಹೋದವರಲ್ಲಿ ಇವರೇ ಮುಂದಿದ್ದದ್ದು. ವ್ಯಾಂಪೈರ್ ಆಗಲೇ ಹಳೇ ಕಾಲದ್ದು. ಪಾಕಿಸ್ತಾನದ ಸೇಬರ್ ಜೆಟ್‌ಗಳ ಮುಂದೆ ಏನು ಮಾಡಕ್ಕಾಗುತ್ತೆ? ಅದೊಂದೇ ಸಂಜೆ ನಾಲ್ಕು ವಿಮಾನ ಹೋದವು, ಮೂವರು ಪೈಲಟ್‌ಗಳು ಹೋದರು. ಆಮೇಲೆ ವ್ಯಾಂಪೈರ್‌ಗಳನ್ನ ಮುಂಚೂಣಿಯಿಂದ ಹಿಂದಕ್ಕೆ ತಗೊಂಡ್ರು. ಮುಂದೆ ಮಿಗ್-21 ಬಂತು. 1999ರ ಆಗಸ್ಟ್ 10ಕ್ಕೆ ಅಟ್ಲಾಂಟಿಕ್ ಘಟನೆ. ಆಗ ಇವರು ಗುಜರಾತಿನ ನಲಿಯಾದಲ್ಲಿದ್ದರು. 2002ರಲ್ಲಿ ನಂಬರ್‌ಪ್ಲೇಟ್. ಹದಿನಾಲ್ಕು ವರ್ಷ ಖಾಲಿ. 2016ರ ಜುಲೈ 1ಕ್ಕೆ ಬೆಂಗಳೂರಿನಲ್ಲಿ ಎರಡೇ ಎರಡು ತೇಜಸ್ ಇಟ್ಟುಕೊಂಡು ಮತ್ತೆ ಶುರು. 2018ರಲ್ಲಿ ತಮಿಳುನಾಡಿನ ಸೂಲೂರಿಗೆ ಹೋಯ್ತು.

ಅಂದ್ರೆ ಒಂದೇ ಸ್ಕ್ವಾಡ್ರನ್. ನನ್ನ ಮಟ್ಟಿಗೆ ಅದರಲ್ಲಿ ಅನುಮಾನವೇ ಇಲ್ಲ.

ಕಡತಪ್ರಿಯ

ಫಿಟ್ಟರ್ ಸರ್, ಮಾಹಿತಿಗೆ ಧನ್ಯವಾದ. ಆದರೆ ಕೊನೆಯ ಮಾತಿಗೆ ನನ್ನ ತಕರಾರಿದೆ. ಹದಿನಾಲ್ಕು ವರ್ಷ ಒಬ್ಬ ಮನುಷ್ಯನೂ ಇಲ್ಲದ, ಒಂದು ವಿಮಾನವೂ ಇಲ್ಲದ ಘಟಕವನ್ನು 'ಅದೇ' ಎನ್ನುವುದು ಕಾಗದದ ಮೇಲಿನ ಸಂಬಂಧ. ದತ್ತು ತೆಗೆದುಕೊಂಡ ವಂಶಾವಳಿ.

ಇದಕ್ಕಿಂತ ದೊಡ್ಡ ಉದಾಹರಣೆ ನಂಬರ್ 1 ಸ್ಕ್ವಾಡ್ರನ್, 'ಟೈಗರ್ಸ್'. ಭಾರತದ ವಾಯುಪಡೆಯ ಮೊಟ್ಟಮೊದಲ ಘಟಕ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಆರಂಭ. ಎರಡು ರೆಕ್ಕೆಯ, ಬಟ್ಟೆ ಹೊದಿಸಿದ ವಿಮಾನ ಅದು. ಮುಂದೆ ವಾಯುಪಡೆಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿ ಆ ಮೊದಲ ತಂಡದವರು. ವಾಯವ್ಯ ಗಡಿಯ ಮೀರನ್‌ಶಾದಿಂದ ಹಾರಾಟ ನಡೆಸಿದರು. 1942ರಲ್ಲಿ ಕೆ.ಕೆ. ಮಜುಂದಾರ್ ನೇತೃತ್ವದಲ್ಲಿ ಬರ್ಮಾಕ್ಕೆ ಹೋದರು. ಆಗ ಅವರ ಬಳಿ ಇದ್ದ ಲೈಸ್ಯಾಂಡರ್ ವಿಮಾನ ಸೈನ್ಯದ ಜೊತೆ ಸಂಪರ್ಕಕ್ಕೆ ಮತ್ತು ವೀಕ್ಷಣೆಗೆ ಮಾಡಿದ್ದು. ಅದಕ್ಕೇ ಬಾಂಬ್ ಕಟ್ಟಿಕೊಂಡು ಹೋಗಿ ಜಪಾನಿಯರ ನೆಲೆಗಳ ಮೇಲೆ ಹಾಕಿದರು. 1944ರಲ್ಲಿ ಇಂಫಾಲದಲ್ಲಿ ಇದೇ ಸ್ಕ್ವಾಡ್ರನ್‌ನ ನಾಯಕತ್ವ ಅರ್ಜನ್ ಸಿಂಗ್ ಅವರದ್ದು. ಆಗ ಹರಿಕೇನ್ ವಿಮಾನಗಳು.

ಇಷ್ಟು ದೊಡ್ಡ ಇತಿಹಾಸ. ಆದರೆ ವಿಭಜನೆಯ ಹೊತ್ತಿಗೆ ಈ ಸ್ಕ್ವಾಡ್ರನ್ ಇದ್ದದ್ದು ಪೇಶಾವರದಲ್ಲಿ. ಆಸ್ತಿಯೆಲ್ಲ ಪಾಕಿಸ್ತಾನದ ಪಾಲಾಯಿತು. ನಮ್ಮ ಕಡೆ ನಂಬರ್ 1 ಅನ್ನುವುದೇ ಇಲ್ಲವಾಯಿತು. 1953ರಲ್ಲಿ, ಆಗಲೇ ಇದ್ದ 15ನೇ ಸ್ಕ್ವಾಡ್ರನ್‌ಗೆ 'ಇನ್ನು ನೀವೇ ನಂಬರ್ 1' ಎಂದು ಹೆಸರು ಬದಲಾಯಿಸಿದರು. ಹಾಗಾದರೆ ಇಂದು ಮಿರಾಜ್ ಹಾರಿಸುವ ಟೈಗರ್ಸ್ ನಿಜವಾಗಿ ಯಾರ ವಾರಸುದಾರರು? ಕರಾಚಿಯ ವಾಪಿಟಿಗಳದ್ದೋ, 15ನೇ ಸ್ಕ್ವಾಡ್ರನ್‌ನದ್ದೋ?

ಬೀದರ್_ಬಸ್ಯಾ

ಏ ತಗೀರಿ ಸರ. ಇದು ಬಸ್ ರೂಟ್ ನಂಬರ್ ಇದ್ದಂಗ ಐತಿ. ಬಸ್ ಹಳೇದಾತು ಅಂತ ಗುಜರಿಗೆ ಹಾಕ್ತಾರ, ಡ್ರೈವರ್ ರಿಟೈರ್ ಆಗ್ತಾನ, ರೂಟ್ ನಂಬರ್ ಅದೇ ಓಡತೈತಿ. ಸ್ಟಾಪಿನ್ಯಾಗ ನಿಂತಾವ್ರಿಗೆ ಬಸ್ ಬಂದ್ರ ಸಾಕು. ಇದಕ್ಕ ಯಾಕ್ ಇಷ್ಟ್ ತಲಿ ಕೆಡಸ್ಕೋತೀರಿ?

ನಮ್ಮೂರಾಗ ಆಕಾಶದಾಗ ಕಸರತ್ತು ತೋರಸೋ ವಾಯುಪಡೆ ತಂಡ ಸೂರ್ಯಕಿರಣದವರು ಇದ್ದಾರಲ್ರಿ, ಅವರ್ದೂ ಇದೇ ಕಥಿ. 1996ರಾಗ ಬೀದರದಾಗ ಕಿರಣ್ ವಿಮಾನ ತಗೊಂಡು ಶುರು ಮಾಡಿದ್ರು, ಮುಂದ 52ನೇ ಸ್ಕ್ವಾಡ್ರನ್ ಅಂತ ನಂಬರ್ ಸಿಕ್ತು. ನಮ್ಮ ಹುಡುಗೂರು ಶಾಲಿ ಬಿಟ್ಟು ಮಾಳಿಗಿ ಮ್ಯಾಲ ಹತ್ತಿ ನೋಡ್ತಿದ್ರು, ಮಾಸ್ತರು ಸೈತ ಏನ್ ಅಂತಿದ್ದಿಲ್ಲ, ಅವ್ರೂ ಮ್ಯಾಲ ನೋಡ್ತಿದ್ರು. 2011ರಾಗ ನಿಲ್ಸಿದ್ರು. ಪೈಲಟ್ ಟ್ರೇನಿಂಗಿಗೆ ವಿಮಾನ ಸಾಲವಲ್ದು, ಕಿರಣ್ ಅಲ್ಲಿ ಬೇಕಂತ. ಆಮ್ಯಾಲ 2015ಕ್ಕ ಹಾಕ್ ವಿಮಾನ ತಗೊಂಡು ತಿರುಗಿ ಬಂದ್ರು. ಬಣ್ಣ ಅದೇ ಕೆಂಪು ಬಿಳಿ. ಹೆಸರು ಅದೇ. ಊರಾಗ ಯಾರೂ 'ಇವ್ರು ಬ್ಯಾರೆ ಸೂರ್ಯಕಿರಣ' ಅನ್ಲಿಲ್ಲ.

ಕಡತಪ್ರಿಯ

@ಬೀದರ್_ಬಸ್ಯಾ, ನಾಲ್ಕು ವರ್ಷದ ಬಿಡುವು ಬೇರೆ. ಹಳೆಯ ಪೈಲಟ್‌ಗಳೇ ಹೊಸಬರಿಗೆ ಕಲಿಸಲು ಸಿಗುತ್ತಾರೆ. ನಾನು ಹೇಳುತ್ತಿರುವುದು ಒಬ್ಬರೂ ಉಳಿಯದಿದ್ದಾಗಿನ ಮಾತು.

ಕಾವೇರಿತೀರ

ಕಡತಪ್ರಿಯ ಅವರೇ, ನೀವು ನಂಬರ್ 1ರ ಹೆಸರು ಎತ್ತಿದ್ದಕ್ಕೆ ಕೊಡಗಿನವಳಾಗಿ ನಾನು ಬರೆಯಲೇಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ಸ್ಕ್ವಾಡ್ರನ್‌ನವರೇ. ಮಡಿಕೇರಿಗೆ ಬಂದವರು ಅವರ ಹೆಸರಿನ ವೃತ್ತ ನೋಡಿರುತ್ತೀರಿ. ಎಷ್ಟೋ ಜನ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಅವರು ಯಾರೆಂದು ಓದಿರುವುದಿಲ್ಲ.

ದೇವಯ್ಯ ಹುಟ್ಟಿದ್ದು 1932ರಲ್ಲಿ, ವಾಯುಪಡೆ ಸೇರಿದ್ದು 1954ರಲ್ಲಿ. ಪೈಲಟ್‌ಗಳಿಗೆ ಕಲಿಸುವ ಮೇಷ್ಟರಾಗಿದ್ದವರು. 1965ರ ಯುದ್ಧದ ಹೊತ್ತಿಗೆ ಆದಂಪುರದಲ್ಲಿ ಟೈಗರ್ಸ್ ಜೊತೆ ಸೇರಿಕೊಂಡರು. ವಿಮಾನ ಫ್ರಾನ್ಸಿನ ಮಿಸ್ಟೇರ್. ಸೆಪ್ಟೆಂಬರ್ 7ರಂದು ಬೆಳಕು ಹರಿಯುವ ಮುಂಚೆಯೇ ಸರ್ಗೋಧಾದ ಮೇಲೆ ದಾಳಿಗೆ ಹನ್ನೆರಡು ವಿಮಾನಗಳು ಸಿದ್ಧವಾದವು. ನಾಯಕರು ವಿಂಗ್ ಕಮಾಂಡರ್ ಒ.ಪಿ. ತನೇಜಾ. ಸರ್ಗೋಧಾ ಎಂದರೆ ಪಾಕಿಸ್ತಾನದ ವಾಯುಪಡೆಯ ಮುಖ್ಯ ನೆಲೆ, ಮಿಸ್ಟೇರ್‌ನ ಪೆಟ್ರೋಲು ಹೋಗಿ ಬರಲು ಅಷ್ಟಕ್ಕಷ್ಟೇ. ದಾರಿಯಲ್ಲಿ ಜಗಳಕ್ಕೆ ನಿಂತರೆ ಮನೆಗೆ ಬರಲಾಗುವುದಿಲ್ಲ ಎನ್ನುವ ಲೆಕ್ಕ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ತಪ್ಪಿದರೆ ಅಂತ ಕಾದಿಟ್ಟವರಲ್ಲಿ ಇದ್ದರು. ಒಂದು ವಿಮಾನ ಹಿಂದುಳಿಯಿತು, ಇವರು ಆ ಜಾಗ ತುಂಬಿದರು.

ದಾಳಿ ಮುಗಿಸಿ ವಾಪಸಾಗುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲ ವಿಮಾನ ಅದು, ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದ್ದು. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಅವರು ಓಡಿಹೋಗಲಿಲ್ಲ, ತಿರುಗಿ ಬಿದ್ದರು. ಕೆಳಮಟ್ಟದಲ್ಲಿ ಸುತ್ತುವಾಗ ಸ್ಟಾರ್‌ಫೈಟರ್‌ನ ಆ ವೇಗವೆಲ್ಲ ಉಪಯೋಗಕ್ಕೆ ಬಾರದು. ಮಿಸ್ಟೇರ್‌ನ ಗುಂಡು ತಗುಲಿ ಸ್ಟಾರ್‌ಫೈಟರ್ ಬಿತ್ತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ.

ನನಗೆ ಕಾಡುವುದು ಇದರ ನಂತರದ್ದು. ನಮ್ಮ ಕಡೆ ಯಾರೂ ಆ ಕಾಳಗ ನೋಡಿರಲಿಲ್ಲ. ದಾಖಲೆಯಲ್ಲಿ ಅವರು 'ಕಾಣೆಯಾದವರು'. ಮೃತದೇಹ ಅಲ್ಲಿನ ಹಳ್ಳಿಯವರಿಗೆ ಸಿಕ್ಕಿ ಅವರೇ ಮಣ್ಣು ಮಾಡಿದ್ದರು ಎನ್ನುವುದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1979ರಲ್ಲಿ ಬ್ರಿಟಿಷ್ ಲೇಖಕನೊಬ್ಬ ಪಾಕಿಸ್ತಾನದ ವಾಯುಪಡೆಯ ಕಡತಗಳನ್ನು ನೋಡಿ ಬರೆದ ಪುಸ್ತಕದಲ್ಲಿ, ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ಹೊಡೆದುರುಳಿಸಿತು ಅಂತ ಇತ್ತು. ಅದನ್ನು ಓದಿದ ಮೇಲೆ ಇಲ್ಲಿ ಲೆಕ್ಕ ಹಾಕಿದರು. ಅಂದು ಅಲ್ಲಿಂದ ಬರದೇ ಉಳಿದ ಮಿಸ್ಟೇರ್ ಯಾರದ್ದು? ತನೇಜಾ ಅವರು ಹಟ ಹಿಡಿದು ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು, 23 ವರ್ಷ ಕಳೆದ ಮೇಲೆ.

ಇಷ್ಟೆಲ್ಲ ಆದದ್ದು 1953ರಲ್ಲಿ ಹೆಸರು ಬದಲಾಯಿಸಿಕೊಂಡ 'ಕಾಗದದ' ನಂಬರ್ 1ರಲ್ಲಿ. ತಮ್ಮ ಒಬ್ಬ ಮನುಷ್ಯನಿಗಾಗಿ ಹಳೆಯ ಸಿಒ ಅಷ್ಟು ವರ್ಷದ ಮೇಲೆ ಪತ್ರ ಬರೆಯುತ್ತಾರೆ ಎಂದರೆ ಅದು ಬರೀ ಕಾಗದವೇ?

ಗಾಳಿಪಟ_ತುಮಕೂರು

ಮೇಡಂ, ಇದನ್ನ ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಶಾಲೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನೂ ಆ ಯುದ್ಧದಲ್ಲಿ ಸೆರೆ ಸಿಕ್ಕಿದ್ರಲ್ವಾ? ಅವರೂ ಇದೇ ಸ್ಕ್ವಾಡ್ರನ್ನಾ?

ಕಾವೇರಿತೀರ

ಅಲ್ಲ, ಕೆ.ಸಿ. ಕಾರ್ಯಪ್ಪ ಇದ್ದದ್ದು 20ನೇ ಸ್ಕ್ವಾಡ್ರನ್‌ನಲ್ಲಿ, ವಿಮಾನ ಹಂಟರ್. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ಕ್ಕೆ ಅವರ ವಿಮಾನ ಬಿತ್ತು. ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು, ಮಗನನ್ನು ಬಿಟ್ಟು ಕಳಿಸುತ್ತೇವೆ ಎಂದು ಹೇಳಿ ಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ನ್ಯಾಯ ಬೇಡ ಎಂದರು ಮಡಿಕೇರಿಯ ಆ ಮುದುಕರು. ಉಳಿದ ಕೈದಿಗಳ ಹಾಗೆಯೇ ಬಿಡುಗಡೆಯಾಗಿ ಬಂದು, ಮುಂದೆ ಏರ್ ಮಾರ್ಷಲ್ ಆದರು.

ಕಡತಪ್ರಿಯ

ಕಾವೇರಿತೀರ ಅವರೇ, ದೇವಯ್ಯನವರ ಬಗ್ಗೆ ನನಗೆ ಎರಡು ಮಾತಿಲ್ಲ. ನಾನು ಕೇಳುತ್ತಿರುವುದು ವಂಶಾವಳಿಯ ಪ್ರಶ್ನೆ ಮಾತ್ರ. ಅದರಲ್ಲೇ ಒಂದು ವಿಚಿತ್ರ ಇದೆ, ನೋಡಿ.

ವಿಭಜನೆಯಲ್ಲಿ ಸ್ಕ್ವಾಡ್ರನ್‌ಗಳನ್ನೂ ಹಂಚಿದರು. 5 ಮತ್ತು 9 ಎಂಬ ಟೆಂಪೆಸ್ಟ್ ಫೈಟರ್ ಸ್ಕ್ವಾಡ್ರನ್‌ಗಳು, 6 ಎಂಬ ಡಕೋಟಾ ಸಾಗಣೆ ಸ್ಕ್ವಾಡ್ರನ್ ಪಾಕಿಸ್ತಾನಕ್ಕೆ ಹೋದವು. ಇಂದಿಗೂ ಅಲ್ಲಿ ಅದೇ ನಂಬರುಗಳಿವೆ. ಮುಂದೆ ನಾವೂ 5, 6, 9 ಎಂದು ಹೊಸ ಸ್ಕ್ವಾಡ್ರನ್‌ಗಳನ್ನು ಕಟ್ಟಿದೆವು. ಹೀಗಾಗಿ ಗಡಿಯ ಎರಡೂ ಕಡೆ ಒಂದೇ ನಂಬರಿನ ಸ್ಕ್ವಾಡ್ರನ್‌ಗಳು ಇವೆ. 1944ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಬರ್ಮಾ ಗಡಿಯಲ್ಲಿ ಹರಿಕೇನ್ ಹಾರಿಸಿದ 9ನೇ ಸ್ಕ್ವಾಡ್ರನ್‌ನ ನಿಜವಾದ ಮುಂದುವರಿಕೆ ಪಾಕಿಸ್ತಾನದಲ್ಲಿರುವುದು.

1965ರಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್‌ಗಳೆಲ್ಲ ಇದ್ದದ್ದು ಯಾವ ಸ್ಕ್ವಾಡ್ರನ್‌ನಲ್ಲಿ ಗೊತ್ತೇ? ಅವರ 9ನೇ ಸ್ಕ್ವಾಡ್ರನ್. ಅಂದರೆ ಅಂದು ಸರ್ಗೋಧಾದ ಹೊರಗೆ ನಂಬರ್ 1 ಮತ್ತು ನಂಬರ್ 9 ಎದುರುಬದುರಾದವು. ಎರಡೂ ಇಪ್ಪತ್ತು ವರ್ಷ ಹಿಂದೆ ಒಂದೇ ವಾಯುಪಡೆಯಾಗಿ ಜಪಾನಿಯರ ವಿರುದ್ಧ ಹಾರಿದ್ದ ನಂಬರುಗಳು.

ಹಳೇ_ಫಿಟ್ಟರ್

ಇದು ನನಗೂ ಹೊಳೆದಿರಲಿಲ್ಲ ಕಡತಪ್ರಿಯರೇ. ಆದರೆ ನೋಡಿ, ನಂಬರಿಗೆ ಅರ್ಥವೇ ಇಲ್ಲ ಅಂತ ವಾದ ಮಾಡ್ತಾ ನೀವೇ ನಂಬರಿನ ಮೇಲೆ ಅತ್ಯಂತ ಚೆಂದದ ಕಥೆ ಹೇಳಿದ್ರಿ.

ಕರಾವಳಿ_ಕಾಗೆ

ಎಂತ ಮಾರಾಯ್ರೆ, ವಾಯುಪಡೆ ಅಂದ್ರೆ ಬರೀ ಫೈಟರ್ ಮಾತ್ರವಾ? ಇಷ್ಟುದ್ದ ಚರ್ಚೆಯಲ್ಲಿ ಹೆಲಿಕಾಪ್ಟರ್ ಅಂತ ಒಬ್ಬರೂ ಹೇಳ್ಲಿಲ್ಲ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹಂಪಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಟೂರಿಸ್ಟ್‌ಗಳು ಸಿಕ್ಕಿ ಬಿದ್ದಾಗ ಎತ್ತಿದ್ದು ಯಾರು? ಮಿಗ್ಗಾ?

ನನಗೆ ಯಾವಾಗಲೂ ಕುತೂಹಲ ಇರುವುದು ಸಿಯಾಚಿನ್‌ನವರ ಮೇಲೆ. 114 ಹೆಲಿಕಾಪ್ಟರ್ ಯೂನಿಟ್, ಲೇಹದಲ್ಲಿ. 1964ರಲ್ಲಿ ಶುರುವಾದದ್ದು. 1984ರ ಏಪ್ರಿಲಿನಲ್ಲಿ ಸಿಯಾಚಿನ್ ಹಿಡಿಯುವ ಆಪರೇಶನ್ ಮೇಘದೂತ್ ಸುರುವಾಗುವ ಎಷ್ಟೋ ವರ್ಷ ಮೊದಲೇ, 1978ರಲ್ಲಿಯೇ ಆ ನೀರ್ಗಲ್ಲಿನ (ಗ್ಲೇಸಿಯರ್) ಮೇಲೆ ಹೆಲಿಕಾಪ್ಟರ್ ಇಳಿಸಿದವರು. ಅವರ ಚೀತಾ ಹೆಲಿಕಾಪ್ಟರ್ ಕಟ್ಟಿದ್ದು ನಮ್ಮ ಎಚ್‌ಎಎಲ್. ಮೇಲಿನ ಕೆಲವು ಹೆಲಿಪ್ಯಾಡ್ 20,000 ಅಡಿ ಹತ್ತಿರ ಉಂಟು. ಅಲ್ಲಿ ಗಾಳಿ ಎಷ್ಟು ತೆಳು ಅಂದ್ರೆ ರೆಕ್ಕೆಗೆ ಹಿಡಿತವೇ ಸಿಗುವುದಿಲ್ಲ. ಒಂದು ಸಲಕ್ಕೆ ಒಂದು ಜೆರಿಕ್ಯಾನ್ ಸೀಮೆಎಣ್ಣೆ ಕೊಂಡು ಹೋದ್ರೆ ಅದೇ ದೊಡ್ಡದು. ಇಳಿಯುವುದು ಅಂತ ಹೇಳುವುದು ಹೌದು, ನಿಜವಾಗಿ ಸ್ಕಿಡ್ ತಾಗಿಸಿ ಡಬ್ಬ ಕೆಳಗೆ ಹಾಕಿ ಹಾಗೇ ಎದ್ದು ಬರುವುದು. ಎಂಜಿನ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗ್ತದೆ ಅಂತ ಗ್ಯಾರಂಟಿ ಇಲ್ಲ. ಇದು ನಾಲ್ಕು ದಶಕದಿಂದ ದಿನಾ ನಡೆಯುವ ಕೆಲಸ. ಒಂದು ದಿನದ ಯುದ್ಧ ಅಲ್ಲ.

ಹಳೇ_ಫಿಟ್ಟರ್

ಕಾಗೆಯವರ ಮಾತು ನೂರಕ್ಕೆ ನೂರು ನಿಜ. ಎತ್ತರದಲ್ಲಿ ಕೆಲಸ ಮಾಡೋ ಫಿಟ್ಟರ್‌ಗಳ ಕಷ್ಟ ಬೇರೆ. ಬರಿಗೈಲಿ ಸ್ಪ್ಯಾನರ್ ಮುಟ್ಟಿದ್ರೆ ಚರ್ಮ ಅಂಟಿಕೊಳ್ಳುತ್ತೆ, ಗ್ಲೌಸ್ ಹಾಕಿದ್ರೆ ಸಣ್ಣ ನಟ್ಟು ಹಿಡಿಯಕ್ಕಾಗಲ್ಲ.

ಸರಕು ಸಾಗಣೆಯವರನ್ನೂ ಮರೀಬೇಡಿ. ಒಂದು ಘಟಕದ ಕೆಲಸ ಅಂತ ಬರೆದಿಟ್ಟದ್ದು ಒಂದು, ಯುದ್ಧದಲ್ಲಿ ಮಾಡೋದು ಇನ್ನೊಂದು. 44ನೇ ಸ್ಕ್ವಾಡ್ರನ್ ನೋಡಿ. 1961ರಲ್ಲಿ ಆಂಟೊನೊವ್-12 ಜೊತೆ ಶುರು. ಸಾಮಾನು, ಸೈನಿಕರನ್ನ ಸಾಗಿಸೋದು ಕೆಲಸ. 1971ರಲ್ಲಿ ಅದೇ ವಿಮಾನದ ಹೊಟ್ಟೆಯಲ್ಲಿ ಬಾಂಬ್ ಜೋಡಿಸಿ, ಹಿಂದಿನ ಬಾಗಿಲಿನಿಂದ ಉರುಳಿಸಿ ಹಾಕೋ ವ್ಯವಸ್ಥೆ ಮಾಡಿಕೊಂಡ್ರು. ಲಾಹೋರಿನ ಆಚೆ ಚಂಗಾ ಮಂಗಾ ಕಾಡಿನಲ್ಲಿದ್ದ ಮದ್ದುಗುಂಡಿನ ದಾಸ್ತಾನಿನ ಮೇಲೆ ರಾತ್ರಿ ಹೋಗಿ ಹಾಕಿ ಬಂದ್ರು. ಸಿಒ ವಿಂಗ್ ಕಮಾಂಡರ್ ವಶಿಷ್ಠ ಅವರಿಗೆ ಮಹಾವೀರ ಚಕ್ರ ಬಂತು. ಆ ವಿಮಾನಕ್ಕೆ ಬಾಂಬ್ ಹಾಕೋ ಕಣ್ಣೂ ಇಲ್ಲ, ತಪ್ಪಿಸಿಕೊಳ್ಳೋ ವೇಗವೂ ಇಲ್ಲ. ಇದೇ ಸ್ಕ್ವಾಡ್ರನ್ 1988ರ ನವೆಂಬರ್ 3ರ ರಾತ್ರಿ ಇಲ್ಯೂಶಿನ್-76 ತಗೊಂಡು ಆಗ್ರಾದಿಂದ ಪ್ಯಾರಾ ಸೈನಿಕರನ್ನ ಸೀದಾ ದಂಗೆ ಎದ್ದಿದ್ದ ಮಾಲ್ಡೀವ್ಸ್‌ಗೆ ಇಳಿಸ್ತು. ಸಮುದ್ರದ ಮಧ್ಯದ ಸಣ್ಣ ದ್ವೀಪ, ಅಲ್ಲಿ ರನ್‌ವೇ ಯಾರ ಕೈಲಿದೆ ಅನ್ನೋದೂ ಖಚಿತ ಇರಲಿಲ್ಲ.

ಬೆಂಗಳೂರಿನವರಿಗೆ ಒಂದು ವಿಷಯ. 1987ರ ಜೂನ್ 4ಕ್ಕೆ ಶ್ರೀಲಂಕಾದ ಜಾಫ್ನಾದ ಮೇಲೆ ಅಕ್ಕಿ ಬೇಳೆ ಹಾಕಿದ 'ಪೂಮಾಲೈ' ಕಾರ್ಯಾಚರಣೆ ಗೊತ್ತಲ್ಲ. ಐದು ಆಂಟೊನೊವ್-32 ಹೊರಟಿದ್ದು ಬೆಂಗಳೂರಿನಿಂದಲೇ. ಕಾವಲಿಗೆ 7ನೇ ಸ್ಕ್ವಾಡ್ರನ್‌ನ ಮಿರಾಜ್‌ಗಳು. ಸುಮಾರು 25 ಟನ್ ಸಾಮಾನು, ಜೊತೆಗೆ ಪತ್ರಕರ್ತರು. ಅಕ್ಕಿ ಮೂಟೆಗೆ ಫೈಟರ್ ಕಾವಲು ಕೊಟ್ಟದ್ದನ್ನ ನಾನು ಬೇರೆಲ್ಲೂ ಕೇಳಿಲ್ಲ.

ಮಾಡರೇಟರ್

ಒಂದು ಉತ್ತರ ತೆಗೆದಿದ್ದೇನೆ. ಈಗ ಯಾವ ಘಟಕ ಯಾವ ನೆಲೆಯಲ್ಲಿದೆ, ಎಷ್ಟು ವಿಮಾನ ಓಡಾಡುತ್ತಿವೆ, ನಿಮ್ಮ ಮನೆ ಮೇಲಿಂದ ಎಷ್ಟು ಹೊತ್ತಿಗೆ ಹೋದವು ಎನ್ನುವುದೆಲ್ಲ ಇಲ್ಲಿ ಬೇಡ. ಸರ್ಕಾರವೇ ಪ್ರಕಟಿಸಿದ್ದು, ಇತಿಹಾಸ, ಇಷ್ಟಕ್ಕೆ ಸೀಮಿತವಾಗಿರಲಿ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಹಲಸೂರು_ಹುಡುಗ

ತೇಜಸ್ ವಿಷಯಕ್ಕೆ ವಾಪಸ್ ಬರ್ತೀನಿ. ಎಲ್ಲರೂ 45 ಅಂತೀರಾ, ಆದರೆ ಎಷ್ಟು ಸ್ಕ್ವಾಡ್ರನ್‌ಗಳ ಬೇರು ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿದೆ ಅನ್ನೋದು ನೋಡಿ ಗುರು. 18ನೇ ಸ್ಕ್ವಾಡ್ರನ್ 1965ರಲ್ಲಿ ನ್ಯಾಟ್ ಅನ್ನೋ ಪುಟ್ಟ ಫೈಟರ್ ಜೊತೆ ಹುಟ್ಟಿತು. ನ್ಯಾಟ್ ಲೈಸೆನ್ಸ್ ಮೇಲೆ ಕಟ್ಟುತ್ತಾ ಇದ್ದದ್ದು ಎಚ್‌ಎಎಲ್. 1971ರ ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ಆರು ಸೇಬರ್‌ಗಳ ಎದುರು ಒಬ್ಬರೇ ನಿಂತ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ಆ ನ್ಯಾಟೇ. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ. ಅದೇ 18 ಸ್ಕ್ವಾಡ್ರನ್ 2020ರ ಮೇ ತಿಂಗಳಲ್ಲಿ ತೇಜಸ್ ಜೊತೆ ಮತ್ತೆ ಬಂತು. ಎಚ್‌ಎಎಲ್ ಕಟ್ಟಿದ ಮರುತ್ ಫೈಟರ್ ಮರೀಬೇಡಿ, 10ನೇ ಸ್ಕ್ವಾಡ್ರನ್ ಮೊದಲು ಹಾರಿಸಿದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರೋದು ಅದೇ. ಸ್ಕೂಲ್ ಟ್ರಿಪ್‌ನಲ್ಲಿ ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡಿರ್ತೀವಿ, ಯಾವ ವಿಮಾನ ಅಂತ ಯಾರೂ ಓದಿರಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಕಡತಪ್ರಿಯ ಅವರು ಹೇಳಿದ 5ನೇ ಸ್ಕ್ವಾಡ್ರನ್‌ದು, ನಮ್ಮ ಕಡೆ ಹೊಸದಾಗಿ ಕಟ್ಟಿದ್ದು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಬಿ-24 ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ರಾಶಿ ಬಿದ್ದಿದ್ವು. ಬ್ರಿಟಿಷರು ಹೋಗುವಾಗ ಯಾರಿಗೂ ಉಪಯೋಗಕ್ಕೆ ಬರದ ಹಾಗೆ ಕೆಡಿಸಿಟ್ಟು ಹೋದ್ರು. ಗಾಡಿ ತಗೊಂಡು ಹೋಗಿ ವಿಮಾನಕ್ಕೆ ಗುದ್ದಿಸಿದ್ರು, ಎಂಜಿನ್ನಿಗೆ ಮರಳು ಹಾಕಿದ್ರು, ಮೈಯೆಲ್ಲ ತೂತು ಮಾಡಿದ್ರು. ನಾಲ್ಕು ಎಂಜಿನ್‌ನ ದೊಡ್ಡ ವಿಮಾನಗಳು. ಗುಜರಿಗೆ ಹಾಕೋದೇ ಅಂತ ಎಲ್ಲರ ಲೆಕ್ಕ.

1948ರಲ್ಲಿ ಬಾಂಬರ್ ಬೇಕಾಗಿ ಎಚ್‌ಎಎಲ್‌ನವರನ್ನ ಕೇಳಿದ್ರು. ಬೆಂಗಳೂರಿನವರು ಹೋಗಿ ನೋಡಿ ಆಗುತ್ತೆ ಅಂದ್ರು. ಸುಮ್ಮನೆ ಬಾಯಿಗೆ ಬಂದದ್ದಲ್ಲ. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಈ ಕಾರ್ಖಾನೆ ಶುರು ಮಾಡಿದ ಮೇಲೆ, ಯುದ್ಧದ ಕಾಲದಲ್ಲಿ ಇದು ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಗಿತ್ತು. ಇಂಥ ವಿಮಾನಗಳನ್ನ ಇಲ್ಲಿನವರು ಬಿಚ್ಚಿ ಜೋಡಿಸಿದ ಅನುಭವ ಇತ್ತು. ನೀರಿನ ಮೇಲೆ ಇಳಿಯೋ ಕ್ಯಾಟಲಿನಾ ವಿಮಾನಗಳು ಆಗ ಇಳೀತಿದ್ದದ್ದು ಬೆಳ್ಳಂದೂರು ಕೆರೆಗೆ! (ಈಗ ಅಲ್ಲಿ ನೊರೆಯಲ್ಲಿ ಬಾತುಕೋಳಿ ಇಳಿಯೋದೂ ಕಷ್ಟ, ಅದು ಬೇರೆ ಚರ್ಚೆ.)

ಕಾನ್ಪುರದಲ್ಲಿ ಒಂದರ ಕಾಲು ಇನ್ನೊಂದಕ್ಕೆ, ಇನ್ನೊಂದರ ಎಂಜಿನ್ ಮತ್ತೊಂದಕ್ಕೆ ಅಂತ ಜೋಡಿಸಿ, ಬೆಂಗಳೂರು ತಲುಪೋ ಮಟ್ಟಕ್ಕೆ ಮಾಡಿದ್ರು. ಅಲ್ಲಿಂದ ಹಾರಿಸಿಕೊಂಡು ಬಂದದ್ದು ಎಚ್‌ಎಎಲ್ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ. ಅವುಗಳಿಗೆ ಸರಿಯಾದ ಪುಸ್ತಕವೂ ಇರಲಿಲ್ಲ, ಯಾವ ಮೀಟರ್ ಕೆಲಸ ಮಾಡುತ್ತೆ ಯಾವುದು ಮಾಡಲ್ಲ ಅನ್ನೋದೂ ಹಾರಿದ ಮೇಲೇ ಗೊತ್ತಾಗಬೇಕು. ಇಲ್ಲಿ ಪೂರ್ತಿ ಬಿಚ್ಚಿ ಹೊಸದು ಮಾಡಿದ್ರು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಶುರುವಾಯ್ತು, ಸ್ವತಂತ್ರ ಭಾರತದ ಮೊದಲ ಹೆವಿ ಬಾಂಬರ್ ಸ್ಕ್ವಾಡ್ರನ್. ಒಟ್ಟು ನಲವತ್ತರ ಹತ್ತಿರ ವಿಮಾನ ಎದ್ದು ನಿಂತವು.

ಕಡತಪ್ರಿಯ

ಹಲಸೂರಿನವರೇ, ಸೊಗಸಾಗಿ ಬರೆದಿರಿ. ಸೇರಿಸಬೇಕಾದದ್ದು: 5ನೇ ಸ್ಕ್ವಾಡ್ರನ್ 1957ರಲ್ಲಿ ಕ್ಯಾನ್‌ಬೆರಾ ಜೆಟ್‌ಗೆ ಬದಲಾಯಿತು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋಗಿ ಅಲ್ಲಿ ಬೇರೆ ದೇಶ ಬೇಕೆಂದು ದಂಗೆ ಎದ್ದಿದ್ದ ಕಟಾಂಗಾ ಪ್ರಾಂತ್ಯದವರ ವಾಯುನೆಲೆಯ ಮೇಲೆ ದಾಳಿ ಮಾಡಿದ್ದು ಈ ಸ್ಕ್ವಾಡ್ರನ್ನೇ. ಆಮೇಲೆ ಜಾಗ್ವಾರ್. ಇನ್ನು ಲಿಬರೇಟರ್‌ಗಳು 6ನೇ ಸ್ಕ್ವಾಡ್ರನ್‌ನಲ್ಲಿ ಸಮುದ್ರದ ಕಾವಲಿಗೆ 1968ರವರೆಗೂ ಹಾರಿದವು. ಬ್ರಿಟಿಷರು ಗುಜರಿ ಎಂದು ಬಿಟ್ಟುಹೋದದ್ದು ಇನ್ನೂ ಇಪ್ಪತ್ತು ವರ್ಷ ದುಡಿಯಿತು.

ಟೂಸಾನ್_ಕನ್ನಡತಿ

ಅಯ್ಯೋ, ಈ ಚರ್ಚೆ ಈಗ ಕಣ್ಣಿಗೆ ಬಿತ್ತು! ನಾನು ಅರಿಜೋನಾದಲ್ಲಿರೋದು. ಇಲ್ಲಿ ಟೂಸಾನ್‌ನ ಪೀಮಾ ವಿಮಾನ ಮ್ಯೂಸಿಯಂನಲ್ಲಿ ಒಂದು ಬಿ-24 ಲಿಬರೇಟರ್ ಇದೆ. ಅಮೆರಿಕದ ಬಣ್ಣ ಬಳಿದು ನಿಲ್ಲಿಸಿದ್ದಾರೆ, ಆದರೆ ಬಂದಿರೋದು ಇಂಡಿಯನ್ ಏರ್‌ಫೋರ್ಸ್‌ನಿಂದ. ನಮ್ಮ ಅಪ್ಪ ಬಂದಿದ್ದಾಗ ಕರ್ಕೊಂಡು ಹೋಗಿದ್ದೆ. ಫಲಕದಲ್ಲಿ ಇಂಡಿಯಾ ಅಂತ ಓದಿ, ಹೊಟ್ಟೆಯ ಕೆಳಗೆ ಬಗ್ಗಿ ರಿವೆಟ್‌ಗಳನ್ನ ನೋಡ್ತಾ ನಿಂತುಬಿಟ್ರು, ಬಾ ಅಂದ್ರೂ ಬರಲ್ಲ. ಯಾಕೆ ಇಂಡಿಯಾದಿಂದ ಅನ್ನೋದು ನಮಗೆ ಆಗ ಅರ್ಥ ಆಗಿರಲಿಲ್ಲ.

ಲಿಬರೇಟರ್ ಯುದ್ಧದಲ್ಲಿ 18,000ಕ್ಕೂ ಹೆಚ್ಚು ಕಟ್ಟಿದ್ರಂತೆ, ಉಳಿದಿರೋದು ಬೆರಳೆಣಿಕೆ. ಇಲ್ಲಿನವರೆಲ್ಲ ಯುದ್ಧ ಮುಗಿದ ತಕ್ಷಣ ಕರಗಿಸಿಬಿಟ್ರು. ಲಂಡನ್ನಿನ ಹೆಂಡನ್‌ನಲ್ಲಿರೋ ಆರ್‌ಎಎಫ್ ಮ್ಯೂಸಿಯಂನದ್ದೂ ಇಂಡಿಯಾದಿಂದ ಹೋದದ್ದೇ. ಅಮೆರಿಕದಲ್ಲಿ ಪ್ರದರ್ಶನಕ್ಕೆ ಹಾರಿಸ್ತಿದ್ದ ಒಂದು ಲಿಬರೇಟರ್ ಕೂಡ ಅಷ್ಟೇ. ಅಂದ್ರೆ ಗುದ್ದಿಸಿ ಕೆಡಿಸಿಹೋದವರ ಮ್ಯೂಸಿಯಂನಲ್ಲಿ ಈಗ ನಿಂತಿರೋದು ನಮ್ಮವರು ರಿಪೇರಿ ಮಾಡಿ ಉಳಿಸಿದ್ದು!

ಬೀದರ್_ಬಸ್ಯಾ

ಹೆಂಗ್ ಐತಿ ನೋಡ್ರಿ. ಅವರದಾ ಗುಜರಿ, ನಮ್ದು ಕೂಲಿ, ಟಿಕೆಟ್ ರೊಕ್ಕ ಅವರಿಗೆ.

ಗಾಳಿಪಟ_ತುಮಕೂರು

ನಾನು ಕೇಳಿದ್ದು ಒಂದು, ಸಿಕ್ಕಿದ್ದು ಒಂಬತ್ತು. ಎಲ್ಲರಿಗೂ ಥ್ಯಾಂಕ್ಸ್. ಫಿಟ್ಟರ್ ಸರ್, ಒಂದು ಕೊನೇ ಪ್ರಶ್ನೆ. ನಂಬರ್‌ಪ್ಲೇಟ್ ಆಗಿ ಮತ್ತೆ ಶುರುವಾದಾಗ ಹೊಸ ಹುಡುಗರಿಗೆ ಆ ಹಳೇ ಇತಿಹಾಸ ನಿಜವಾಗಲೂ ನಾಟುತ್ತಾ? ಅಥವಾ ಕಡತಪ್ರಿಯ ಸರ್ ಹೇಳಿದ ಹಾಗೆ ಬರೀ ಫೈಲಾ?

ಹಳೇ_ಫಿಟ್ಟರ್

ಮೊದಲ ದಿನ ನಾಟಲ್ಲಪ್ಪ. ಊಟ ಎಲ್ಲಿ, ಕ್ವಾರ್ಟರ್ಸ್ ಯಾವಾಗ ಸಿಗುತ್ತೆ, ರಜೆ ಯಾವಾಗ, ಅದೇ ಯೋಚನೆ. ಆದರೆ ಕ್ರೂ ರೂಮಿನಲ್ಲಿ ಒಂದು ಮರದ ಹಲಗೆ ಇರುತ್ತೆ, ಶುರುವಿನಿಂದ ಇಲ್ಲಿವರೆಗೆ ಸಿಒಗಳ ಹೆಸರು, ಇಸವಿ. ಪಕ್ಕದಲ್ಲಿ ತೀರಿಕೊಂಡವರ ಫೋಟೊ. ಟೀ ಕುಡಿಯೋಕೆ ನಿಂತಾಗ ಬೇಡ ಅಂದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ. ಒಂದು ವರ್ಷಕ್ಕೆ ಹೆಸರುಗಳೆಲ್ಲ ಬಾಯಿಪಾಠ. ಹಳಬರು ರೀಯೂನಿಯನ್‌ಗೆ ಬರ್ತಾರೆ. ಹಿಂದಿನ ವಿಮಾನದವರು, ಎಂಬತ್ತು ದಾಟಿದವರು. ಬಂದು ಹೊಸ ವಿಮಾನದ ಎಂಜಿನ್ ಬಾಗಿಲು ತೆಗೆಸಿ, ನಮ್ಮ ಕಾಲದಲ್ಲಿ ಈ ನಟ್ಟಿಗೆ ಕೈಯೇ ಹೋಗ್ತಿರಲಿಲ್ಲ ಅಂತ ಬೈತಾರೆ. ಹೊಸ ಹುಡುಗನೂ ಅವನ ಕಷ್ಟ ಹೇಳ್ಕೊಳ್ತಾನೆ. ಇಬ್ಬರೂ ಅರ್ಧ ಗಂಟೆ ಎಂಜಿನಿಯರಿಂಗ್ ಆಫೀಸರ್‌ಗಳನ್ನ ಬೈತಾ ನಿಲ್ತಾರೆ. ಕಡತಪ್ರಿಯರು ಇದನ್ನ ಯಾವ ಫೈಲಿಗೆ ಹಾಕ್ತಾರೋ ನೋಡೋಣ.

ಕಡತಪ್ರಿಯ

ಮೌಖಿಕ ಇತಿಹಾಸ ಎಂಬ ಫೈಲಿಗೆ, ಸರ್. ತಕರಾರು ಕಾಯ್ದಿರಿಸಿದೆ.

ಕರಾವಳಿ_ಕಾಗೆ

ಲಿಬರೇಟರ್ ನೋಡ್ಲಿಕ್ಕೆ ಅಮೆರಿಕಕ್ಕೇ ಹೋಗ್ಬೇಕಾ? ಇಲ್ಲಿ ಒಂದೂ ಇಟ್ಕೊಳ್ಳಲಿಲ್ವಾ?

ಹಲಸೂರು_ಹುಡುಗ

ಇದೆ ಗುರು, ದಿಲ್ಲಿಯ ಪಾಲಂ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ. ವಾಪಿಟಿಯೂ ಇದೆ ಅಲ್ಲಿ. ಬೆಂಗಳೂರಲ್ಲೇ ಆದರೆ ಎಚ್‌ಎಎಲ್ ಹೆರಿಟೇಜ್ ಸೆಂಟರ್, ಮರುತ್, ಅಜೀತ್ ಎಲ್ಲ ಮುಟ್ಟುವಷ್ಟು ಹತ್ತಿರದಲ್ಲಿ. ಪಾಲಂಗೆ ಹೋಗೋದಾದ್ರೆ ರಜಾ ದಿನ ವಿಚಾರಿಸಿಕೊಂಡು, ಐಡಿ ಕಾರ್ಡ್ ಜೇಬಲ್ಲಿಟ್ಟುಕೊಂಡು ಹೋಗಿ.